ಪೂವಮ್ಮ ಅನ್ನೋ ಹೆಸರಿನ ಅರ್ಥ ಏನು? ಈಗಲೂ ಯಾರಾದರೂ ಇಡುತ್ತಾರಾ?

ನೀವು ಕೇಳಿರುವುದು ಇಷ್ಟು: ನಿಮ್ಮ ಹೆಂಡತಿಯ ಅಜ್ಜಿ ಕೊಡಗಿನವರು, ಹೆಸರು ಪೂವಮ್ಮ. ಈಗ ಹುಟ್ಟಿರುವ ಮಗಳಿಗೆ ಅದೇ ಹೆಸರಿಡುವ ಆಸೆ. ಹೆಸರುಗಳ ಆ್ಯಪ್ ಒಂದರಲ್ಲಿ 'ಸಂಸ್ಕೃತ ಮೂಲ, ಪವಿತ್ರವಾದ ತಾಯಿ' ಅಂತ ಇದೆ. ಅದು ನಿಜವಾ? ಈ ಹೆಸರು ಈಗ ಬಳಕೆಯಲ್ಲಿದೆಯಾ? ಬೆಂಗಳೂರಿನಲ್ಲಿ ಬೆಳೆಯುವ ಮಗುವಿಗೆ ತೀರಾ ಹಳೆಯದಾಗುತ್ತಾ?

ಆ್ಯಪನ್ನು ಮರೆತುಬಿಡಿ. ಪೂವಮ್ಮ ಅಂದರೆ ಹೂವಮ್ಮ. ಅಷ್ಟೇ. ಸಂಸ್ಕೃತದಲ್ಲಿ 'ಪೂತ' ಅಂದರೆ ಪವಿತ್ರ ಅನ್ನುವ ಅರ್ಥ ಇದೆ, ಅದನ್ನೇ ಹಿಡಿದು ಎಳೆದು ತಂದಿರಬೇಕು. ಈ ಆ್ಯಪ್‌ಗಳು ಯಾವ ಹೆಸರು ಕೊಟ್ಟರೂ ಸಂಸ್ಕೃತದ ಬೇರು ಹುಡುಕುತ್ತವೆ, ಜೊತೆಗೆ ಒಂದು ಅದೃಷ್ಟ ಸಂಖ್ಯೆಯನ್ನೂ ಕೊಡುತ್ತವೆ. ಹೂವು ಅನ್ನೋ ಅರ್ಥಕ್ಕೆ ಏನು ಕಡಿಮೆಯಾಗಿದೆಯೋ ಗೊತ್ತಿಲ್ಲ.

ನನ್ನ ಊರು ಸೋಮವಾರಪೇಟೆ ಕಡೆ, ಮನೆಮಾತು ಕನ್ನಡ. ಕೆಲಸ ದಕ್ಷಿಣ ಕೊಡಗಿನ ಒಂದು ಶಾಲೆಯ ಆಫೀಸಿನಲ್ಲಿ. ಹಾಗಾಗಿ ಎರಡೂ ಕಡೆಯ ಹೆಸರುಗಳು ದಿನಾ ಕಣ್ಣಿಗೆ ಬೀಳುತ್ತವೆ.

ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ, ಹೂವಿಗೆ ಪೂ, ಪೂವ್ ಅನ್ನುತ್ತಾರೆ. ಆ ಕೊನೆಯ ಸ್ವರವನ್ನು ಕನ್ನಡ ಲಿಪಿಯಲ್ಲಿ ಸರಿಯಾಗಿ ಬರೆಯಲು ಆಗುವುದಿಲ್ಲ. ಕೊಡವದಲ್ಲಿ ನಮ್ಮ ಕನ್ನಡದಲ್ಲಿ ಇಲ್ಲದ ಸ್ವರಗಳಿವೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಪೂಜೆಗಿಟ್ಟು, ನಳಿಗೆಗೆ ಕೆಂಪು ಹಳದಿ ಬಣ್ಣದ ಗೌರಿ ಹೂ ಸಿಕ್ಕಿಸುವುದನ್ನು ನಿಮ್ಮ ಹೆಂಡತಿ ನೋಡಿರುತ್ತಾರೆ. ಆ ಹೂವಿಗೆ ಅಲ್ಲಿ 'ತೋಕ್ ಪೂ' ಅಂತಲೇ ಹೆಸರು. ತೋಕ್ ಅಂದರೆ ಕೋವಿ. ಆ ಪೂವೇ ಈ ಪೂವಮ್ಮನಲ್ಲಿರುವುದು.

ಇನ್ನು ಇದು ಕನ್ನಡಕ್ಕೆ ಹೊರಗಿನ ಮಾತು ಅಂತ ಅಂದುಕೊಳ್ಳಬೇಡಿ. 10ನೇ ಶತಮಾನದ ಹಳೆಗನ್ನಡ ಕಾವ್ಯ ತೆಗೆದರೆ ಅಲ್ಲೂ ಪೂ ಅಂತಲೇ ಇದೆ. ಪಾಲ್, ಪುಲಿ, ಪೊನ್ ಎಲ್ಲ ಆಮೇಲೆ ಹಾಲು, ಹುಲಿ, ಹೊನ್ನು ಆದವು. ಪದದ ಮೊದಲಿನ ಪಕಾರ ಕನ್ನಡದಲ್ಲಿ ಹಕಾರವಾಯಿತು. ತುಳು, ತಮಿಳು, ಮಲಯಾಳ, ತೆಲುಗು, ಕೊಡವ ಇವೆಲ್ಲ ಪಕಾರವನ್ನೇ ಉಳಿಸಿಕೊಂಡವು. ತಮಾಷೆ ನೋಡಿ, 'ಹೆಸರು' ಅನ್ನುವ ಮಾತೇ ಮೊದಲು 'ಪೆಸರ್' ಆಗಿತ್ತು. ಕೊಡವರು ಈಗಲೂ 'ಪೆದ' ಅನ್ನುತ್ತಾರೆ. ಹೊಸ ಅಕ್ಕಿಯ ಹಬ್ಬ ಅವರಿಗೆ ಪುತ್ತರಿ, ಕನ್ನಡದವರಾದ ನಮಗೆ ಹುತ್ತರಿ. ಹಾಗಂತ ಕೊಡವ ತಕ್ಕ್ ಕನ್ನಡದಿಂದ ಹುಟ್ಟಿದ ಉಪಭಾಷೆ ಅಂತ ಅಲ್ಲಿ ಯಾರ ಮುಂದೆಯೂ ಹೇಳಬೇಡಿ, ಬೈಸಿಕೊಳ್ಳುತ್ತೀರಿ. ಬೈದರೂ ತಪ್ಪಿಲ್ಲ. ಎರಡೂ ಒಂದೇ ದ್ರಾವಿಡ ಮನೆಯ ಮಕ್ಕಳು, ಒಂದಕ್ಕೊಂದು ತಾಯಿಯಲ್ಲ.

ಈ ಪ ಮತ್ತು ಹ ವ್ಯತ್ಯಾಸ ನಮ್ಮ ಒಂದೇ ಜಿಲ್ಲೆಯೊಳಗೆ ಚೆನ್ನಾಗಿ ಕಾಣುತ್ತದೆ. ಸೋಮವಾರಪೇಟೆ ಹತ್ತಿರ ದೊಡ್ಡಮಳ್ತೆಯಲ್ಲಿ ಹೊನ್ನಮ್ಮನ ಕೆರೆ ಇದೆ. ಊರಿಗೆ ನೀರು ಬರಲಿ ಅಂತ ತನ್ನನ್ನೇ ಕೆರೆಗೆ ಅರ್ಪಿಸಿಕೊಂಡ ಹೊನ್ನಮ್ಮನ ಕಥೆ ಅಲ್ಲಿಯದು. ಗೌರಿ ಹಬ್ಬಕ್ಕೆ ಜನ ಸೇರಿ ಬಾಗಿನ ಬಿಡುತ್ತಾರೆ. ಅಲ್ಲಿಂದ ಬಸ್ಸು ಹತ್ತಿ ಮಡಿಕೇರಿ ದಾಟಿ ವಿರಾಜಪೇಟೆ, ಗೋಣಿಕೊಪ್ಪಕ್ಕೆ ಹೋದರೆ ಹೊನ್ನಮ್ಮ ಹೋಗಿ ಪೊನ್ನಮ್ಮ ಆಗಿರುತ್ತಾಳೆ. ಅದೇ ಚಿನ್ನ, ಅದೇ ಅಮ್ಮ. ಪೂವಮ್ಮ ಮತ್ತು ಹೂವಮ್ಮನ ಕಥೆಯೂ ಹೀಗೆಯೇ. ಉತ್ತರ ಕರ್ನಾಟಕದಲ್ಲಿ ಹೂವಮ್ಮ, ಹೂವಕ್ಕ ಇದ್ದಾರೆ, ಮಲೆನಾಡಿನಲ್ಲಿ ಹೂವಯ್ಯ ಇದ್ದಾರೆ. ತುಳುನಾಡಿಗೆ ಇಳಿದರೆ ಪೂವಪ್ಪ, ಪೂವಕ್ಕ ಸಿಗುತ್ತಾರೆ. ಅಂದರೆ ಪೂವಮ್ಮ ಕೊಡಗಿಗೆ ಮಾತ್ರ ಸೇರಿದ ಹೆಸರು ಅಂತ ಪಟ್ಟು ಹಿಡಿಯಲು ಆಗುವುದಿಲ್ಲ. ಆದರೆ ನಿಮ್ಮ ಅಜ್ಜಿಯ ಹೆಸರು ಬಂದಿರುವ ದಾರಿ ಕೊಡವ ದಾರಿಯೇ.

ಕೊಡವರ ಹಳೆಯ ಹೆಸರುಗಳ ಕಟ್ಟಡ ಬಹಳ ಸರಳ. ಮುಂದೆ ಒಂದು ಒಳ್ಳೆಯ ವಸ್ತು, ಹಿಂದೆ ಒಂದು ಸಂಬಂಧದ ಮಾತು. ಗಂಡಾದರೆ ಅಪ್ಪ, ಅಣ್ಣ, ಅಯ್ಯ. ಹೆಣ್ಣಾದರೆ ಅಮ್ಮ, ಅವ್ವ, ಅಕ್ಕ. ಪೊನ್ನಪ್ಪ, ಪೊನ್ನಮ್ಮ. ಮುತ್ತಣ್ಣ, ಮುತ್ತವ್ವ. ಬೆಳ್ಳಿಯಪ್ಪ, ಬೊಳ್ಳವ್ವ. ಪೂವಯ್ಯ, ಪೂವಮ್ಮ. ಚಿನ್ನ, ಬೆಳ್ಳಿ, ಮುತ್ತು ಇರುವ ಸಾಲಿನಲ್ಲಿ ಹೂವೊಂದು ಬಂದು ಕೂತಿದೆ. ನನಗೆ ಈ ಸಾಲಿನಲ್ಲಿ ಇದೇ ಜಾಸ್ತಿ ಇಷ್ಟ.

ಕೆಲವರು ಕಾಫಿ ಹೂವಿಗೂ ಈ ಹೆಸರಿಗೂ ಗಂಟು ಹಾಕುತ್ತಾರೆ. ಮಾರ್ಚ್ ಆಸುಪಾಸಿನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಹಾಗೆ ಅನಿಸುವುದು ಸಹಜ. ಆದರೆ ಕೊಡಗಿನಲ್ಲಿ ಕಾಫಿ ದೊಡ್ಡ ತೋಟಗಳಾಗಿ ಬೆಳೆದದ್ದು 1850ರ ದಶಕದಿಂದ ಈಚೆಗೆ. ಪೂ ಅನ್ನುವ ಮಾತು ಅದಕ್ಕಿಂತ ಎಷ್ಟೋ ಹಳೆಯದು.

ಬಳಕೆಯ ವಿಷಯ. ಮೊದಲೇ ಕೊಡವರ ಸಂಖ್ಯೆ ಚಿಕ್ಕದು. 2011ರ ಜನಗಣತಿಯಲ್ಲಿ ಕೊಡವ ತಮ್ಮ ತಾಯಿನುಡಿ ಅಂತ ಬರೆಸಿದವರು ಸುಮಾರು 1,14,000 ಜನ. ಇಡೀ ಜಿಲ್ಲೆಯ ಜನಸಂಖ್ಯೆ ಆಗ ಸುಮಾರು 5,54,000. ಅಷ್ಟರಲ್ಲಿ ಒಂದು ಹೆಸರು ಎಷ್ಟು ಜನಕ್ಕೆ ಇರಲು ಸಾಧ್ಯ ಹೇಳಿ. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳಲ್ಲಿ ಪೂವಮ್ಮ, ಬೋಜಮ್ಮ, ಮುತ್ತಮ್ಮ ಎಲ್ಲ ವಿದ್ಯಾರ್ಥಿಯ ಹೆಸರಿನ ಜಾಗದಲ್ಲೇ ಇವೆ. ಆಮೇಲಿನ ಪುಸ್ತಕಗಳಲ್ಲಿ ಅವು ತಾಯಿಯ ಹೆಸರಿನ ಜಾಗಕ್ಕೆ ಸರಿದಿವೆ. ಈಗಿನ ಮಕ್ಕಳಲ್ಲಿ ಹೊಸ ಹೆಸರು ಮುಂದೆ, ಹಳೆಯ ಹೆಸರು ಬಾಲದಲ್ಲಿ. ಸಿಂಚನಾ ಪೊನ್ನಮ್ಮ, ಧೃತಿ ಪೂವಮ್ಮ ಅನ್ನುವ ಹಾಗೆ. ಹೆಚ್ಚಾಗಿ ಅಜ್ಜಿಯ ಹೆಸರೇ ಆ ಬಾಲದಲ್ಲಿರುತ್ತದೆ. ಟೀಚರ್ ಕರೆಯುವುದು ಮುಂದಿನ ಹೆಸರನ್ನು, ಗೆಳತಿಯರು ಕರೆಯುವುದೂ ಅದನ್ನೇ. ಬಾಲದ ಹೆಸರು ಅಂಕಪಟ್ಟಿಯಲ್ಲಿ ಇರುತ್ತದೆ, ಬಾಯಿಗೆ ಬರುವುದಿಲ್ಲ.

ಆದರೂ ಕೊಡಗಿನ ಹೊರಗೆ ಈ ಹೆಸರು ಯಾರಿಗೂ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಅದಕ್ಕೆ ಓಟಗಾರ್ತಿ ಎಂ.ಆರ್. ಪೂವಮ್ಮ ಕಾರಣ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚು, 4x400 ರಿಲೇಯಲ್ಲಿ ಚಿನ್ನ ಗೆದ್ದವರು. 2015ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅವರ ಪೂರ್ತಿ ಹೆಸರು ಮಚ್ಚೆಟ್ಟಿರ ರಾಜು ಪೂವಮ್ಮ. ಇಲ್ಲಿ ಮಚ್ಚೆಟ್ಟಿರ ಅನ್ನುವುದು ಒಕ್ಕದ ಹೆಸರು, ಅಂದರೆ ಮನೆತನ. ರಾಜು ತಂದೆ. ಕೊನೆಯದು ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರದೂ ಇದೇ ಕ್ರಮ: ಕೊಡಂದೇರ ಒಕ್ಕ, ತಂದೆ ಮಾದಪ್ಪ, ಹೆಸರು ಕಾರ್ಯಪ್ಪ.

ಇದನ್ನು ಯಾಕೆ ಹೇಳಿದೆ ಅಂದರೆ, ನೀವು ಕೊಡವರಲ್ಲದಿದ್ದರೆ ಈ ಹೆಸರಿಡಬಹುದಾ ಅನ್ನುವ ಅಳುಕು ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತಿದೆ. ಕೊಡವರ ಗುರುತು ಇರುವುದು ಒಕ್ಕದ ಹೆಸರಿನಲ್ಲಿ. ಅದನ್ನು ಹಾಗೇ ತೆಗೆದುಕೊಂಡು ಹಾಕಿಕೊಳ್ಳಲು ಆಗುವುದಿಲ್ಲ. ಪೂವಮ್ಮ ಅನ್ನುವುದಕ್ಕೆ ಅಂಥ ಕಟ್ಟು ಏನೂ ಇಲ್ಲ. ಅದರಲ್ಲೂ ಮಗುವಿನ ಮುತ್ತಜ್ಜಿಯ ಹೆಸರು. ಯಾರು ಬೇಡ ಅಂತಾರೆ?

'ಅಮ್ಮ' ಅಂತ ಮುಗಿಯುವುದು ಹಳೆಯದು ಅನಿಸುತ್ತದೆ ಅಂದಿದ್ದೀರಿ. ಎರಡು ವರ್ಷದ ಮಗುವಿಗೂ ನಾವು 'ಬಾಮ್ಮ', 'ಊಟ ಆಯ್ತೇನಮ್ಮ' ಅಂತ ತಾನೇ ಕರೆಯುವುದು? ಕನ್ನಡದವರ ಬಾಯಲ್ಲಿ ಹೆಣ್ಣುಮಕ್ಕಳೆಲ್ಲ ಹುಟ್ಟಿದ ದಿನದಿಂದಲೇ ಅಮ್ಮಂದಿರು. ಶಾಲೆಗೆ ಹೋದ ಮೇಲೆ ಪೂವಿ ಅಂತ ತಾನಾಗಿಯೇ ಮೊಟಕಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಇಡುವುದಾದರೆ ಮುಂದೆಯೇ ಇಡಿ. ಫ್ಯಾಷನ್ ಹೆಸರೊಂದನ್ನು ಮುಂದೆ ನಿಲ್ಲಿಸಿ ಇದನ್ನು ಹಿಂದೆ ಕೂರಿಸಿದರೆ ಅಜ್ಜಿಗೆ ಮರ್ಯಾದೆ ಕೊಟ್ಟ ಹಾಗಾಗುತ್ತದೆ, ಆದರೆ ಹೆಸರು ಯಾರ ಬಾಯಲ್ಲೂ ಓಡಾಡುವುದಿಲ್ಲ. ಹಾಗೇ, ಕನ್ನಡದವರಿಗೆ ಹತ್ತಿರವಾಗಲಿ ಅಂತ ಅದನ್ನು ಹೂವಮ್ಮ ಮಾಡಲು ಹೋಗಬೇಡಿ. ಹೂವಮ್ಮ ಚೆಂದದ ಹೆಸರೇ, ಆದರೆ ನಿಮ್ಮ ಮನೆಯ ಅಜ್ಜಿಯನ್ನು ಯಾರೂ ಹಾಗೆ ಕರೆಯಲಿಲ್ಲ.

ಆಫೀಸಿನವನಾಗಿ ಒಂದು ಮಾತು. ಇಂಗ್ಲಿಷಿನಲ್ಲಿ ಪೂ ಅನ್ನು ಎರಡು ಓ ಹಾಕಿ ಬರೆಯುವವರೇ ಜಾಸ್ತಿ, ಯು ಹಾಕುವವರೂ ಇದ್ದಾರೆ. ಯಾವುದಾದರೂ ಒಂದನ್ನು ಹಿಡಿದು ಜನನ ಪ್ರಮಾಣಪತ್ರ, ಆಧಾರ್, ಶಾಲೆ ಎಲ್ಲ ಕಡೆ ಅದನ್ನೇ ಬರೆಸಿ. ಇನ್ನೂ ತೀರ್ಮಾನ ಆಗಿಲ್ಲದಿದ್ದರೆ ಆತುರ ಬೇಡ. ಜನನ ನೋಂದಣಿ ಮಾಡಿಸಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ, ನೋಂದಣಿಯಾದ 1 ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲಾದರೆ ತಡವಾದದ್ದಕ್ಕೆ ಸ್ವಲ್ಪ ಶುಲ್ಕ ಕಟ್ಟಬೇಕು.