ಉತ್ತರ ಕರ್ನಾಟಕ ರಾಜ್ಯ ಕೇಳಿದರೆ ಅದು ಪ್ರತ್ಯೇಕತಾವಾದವೇ?
ಪ್ರತ್ಯೇಕತಾವಾದದ ಬಗ್ಗೆ ಬರೆದ ಉತ್ತರಕ್ಕೆ ಅಂಕ ಯಾಕೆ ಹೋಯಿತು ಎಂದು ಕೇಳಿದ್ದೀರಿ. ನಿಮ್ಮ ಅಂಕ ಹೋಗಿರುವುದು ಬಹುಶಃ ಪ್ರತ್ಯೇಕ ರಾಜ್ಯ, ಪ್ರತ್ಯೇಕ ದೇಶ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದಕ್ಕೆ. ಪೂರ್ತಿ ಉತ್ತರ ನೋಡದೆ ಖಡಾಖಂಡಿತ ಹೇಳಲಾರೆ. ಆದರೆ ನೀವು ಇಲ್ಲಿ ಹಾಕಿರುವ ಮೊದಲ ಸಾಲು, 'ಉತ್ತರ ಕರ್ನಾಟಕ ರಾಜ್ಯದ ಬೇಡಿಕೆ ಪ್ರತ್ಯೇಕತಾವಾದಕ್ಕೆ ಉದಾಹರಣೆ', ಅಲ್ಲೇ ಎಡವಿದೆ. ವಿಜಯನಗರದಲ್ಲಿ ಕೆಎಎಸ್ ಟೆಸ್ಟ್ ಪೇಪರ್ ತಿದ್ದುವಾಗ ನನ್ನ ಕೆಂಪು ಪೆನ್ನು ಜಾಸ್ತಿ ಓಡುವುದು ಇದೇ ಸಾಲಿನ ಕೆಳಗೆ.

ಮೊದಲು ಪ್ರತ್ಯೇಕತಾವಾದದ ಅರ್ಥ ಬರೆಯಿರಿ: ಭಾಷೆ, ಧರ್ಮ, ಜನಾಂಗ ಅಥವಾ ಪ್ರದೇಶದ ಹೆಸರಲ್ಲಿ ಒಂದು ಗುಂಪು ತಾನಿರುವ ದೇಶದಿಂದ ಬೇರೆಯಾಗಬೇಕು ಎನ್ನುವ ನಂಬಿಕೆ, ಅದಕ್ಕಾಗಿ ನಡೆಯುವ ಚಳವಳಿ. ಕೆಲವರು ಸ್ವಾಯತ್ತತೆ ಕೇಳುವುದನ್ನೂ ಇದರಲ್ಲಿ ಸೇರಿಸುತ್ತಾರೆ. ಗೆರೆ ಅಷ್ಟು ನೇರವಾಗಿಲ್ಲ, ಅದನ್ನೂ ಒಂದು ಸಾಲು ಬರೆಯಿರಿ.

ಆಮೇಲೆ ಸಂವಿಧಾನದ 3ನೇ ವಿಧಿ. ಸಂಸತ್ತು ಹೊಸ ರಾಜ್ಯ ಮಾಡಬಹುದು, 2014ರಲ್ಲಿ ತೆಲಂಗಾಣ ಆಗಿದ್ದು ಹಾಗೇ. ದೇಶ ಬಿಟ್ಟು ಹೋಗಲು ಮಾತ್ರ ಅಂಥ ದಾರಿ ಇಲ್ಲ.

ಉದಾಹರಣೆಗೆ ದ್ರಾವಿಡ ನಾಡು ಹಾಕಿ. ತಮಿಳುನಾಡಿನ ಡಿಎಂಕೆ ಪಕ್ಷ ಈ ಹೆಸರಲ್ಲಿ ದಕ್ಷಿಣ ಭಾರತಕ್ಕೆ ಬೇರೆ ದೇಶ ಕೇಳಿತ್ತು, 1963ರಲ್ಲಿ ಕೈಬಿಟ್ಟಿತು. ಜೊತೆಗೆ ಸ್ಕಾಟ್ಲೆಂಡ್: ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂದು 2014ರಲ್ಲಿ ಕೇಳಿದಾಗ ಓಟು ಹಾಕಿದವರಲ್ಲಿ ಶೇ. 55ರಷ್ಟು ಜನ ಬೇಡ ಅಂದರು. ಪ್ರತ್ಯೇಕತಾವಾದ ಅಂದರೆ ಬಂದೂಕೇ ಆಗಬೇಕಿಲ್ಲ, ಅಲ್ವಾ?

ಉತ್ತರ ಕರ್ನಾಟಕದ ಸಾಲನ್ನು ತೆಗೆಯಬೇಡಿ. 'ಇದು ಪ್ರತ್ಯೇಕತಾವಾದವಲ್ಲ, ಏಕೆಂದರೆ' ಎಂದು ಶುರು ಮಾಡಿ 3ನೇ ವಿಧಿಯ ಪಕ್ಕಕ್ಕೆ ತನ್ನಿ.