ಪಕ್ಕದ ಶೆಡ್ಡಿನವರು ಇಆರ್‌ಪಿ ಹಾಕ್ಸಿದ್ರು, ನಾನೂ ಹಾಕಿಸ್ಲಾ?

ಪ್ರಶ್ನೆ: ಸರ್, ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ದೊಂದು ಚಿಕ್ಕ ಮಷಿನ್ ಶಾಪ್, 6 ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಮಷಿನ್ ಇದಾವೆ, ಪೀಣ್ಯದ ಪಾರ್ಟಿಗಳಿಗೆ ಟರ್ನಿಂಗ್ ಜಾಬ್ ವರ್ಕ್ ಮಾಡಿ ಕೊಡ್ತೀವಿ. ಪಕ್ಕದ ಶೆಡ್ಡಿನವರು ಹೋದ ವರ್ಷ ಇಆರ್‌ಪಿ (ಆರ್ಡರ್, ಸ್ಟಾಕ್, ಲೆಕ್ಕ ಎಲ್ಲಾ ಒಂದೇ ಕಡೆ ನೋಡ್ಕೊಳ್ಳೋ ಸಾಫ್ಟ್‌ವೇರ್) ಹಾಕಿಸಿದ್ರು, ಈಗ ಅದನ್ನ ಮಾರಿದವರೇ ನಮ್ಮ ಹತ್ರಾನೂ ಬಂದು ಇದಿಲ್ದೆ ಕಾಂಪಿಟೀಷನ್ನಲ್ಲಿ ಉಳಿಯಲ್ಲ ನೀವು ಅಂತ ಹೆದರಿಸ್ತಿದ್ದಾರೆ. ಹಾಕಿಸ್ಬೇಕಾ?
- ಓದುಗರು, ತುಮಕೂರು

ಉತ್ತರ: ಮೊದ್ಲು ಹೆದರೋದು ಬಿಡಿ. ಅದನ್ನೇ ಪಕ್ಕದವರಿಗೆ ಮಾರಿದ್ದಾರೆ, ನಾಳೆ ಎದುರುಗಡೆ ಶೆಡ್ಡಿಗೂ ಮಾರ್ತಾರೆ, ಎಲ್ರ ಹತ್ರಾನೂ ಇರೋ ಸಾಮಾನು ನಿಮ್ಮೊಬ್ಬರನ್ನೇ ಹೆಂಗೆ ಮುಂದೆ ತರುತ್ತೆ? 2003ರಲ್ಲಿ ನಿಕೋಲಸ್ ಕಾರ್ ಅನ್ನೋರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದನ್ನೇ ಬರೆದು ದೊಡ್ಡ ಜಗಳ ಎಬ್ಬಿಸಿದ್ರು, ಐಟಿ ಅಂದ್ರೆ ಈಗ ಕರೆಂಟ್ ಇದ್ದಂಗೆ, ಇಲ್ದಿದ್ರೆ ಕಷ್ಟ, ಆದ್ರೆ ಇದ್ದ ಮಾತ್ರಕ್ಕೆ ಗೆಲ್ಲಲ್ಲ ಅಂತ. ಅದಕ್ಕೂ ಮುಂಚೆ 1995ರಲ್ಲಿ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಜೇ ಬಾರ್ನಿ ಮತ್ತೆ ಇನ್ನಿಬ್ಬರು, ಐಟಿಲಿ ಯಾವುದು ಕಂಪನಿನ ಬಹಳ ದಿನ ಮುಂದಿಡುತ್ತೆ ಅಂತ ಒಂದೊಂದನ್ನೇ ಜಾಲಾಡಿ ನೋಡಿದ್ರು: ದುಡ್ಡು, ಗುಟ್ಟಿನ ಟೆಕ್ನಾಲಜಿ, ಪ್ರೋಗ್ರಾಮಿಂಗ್ ಕೆಲಸ ಇವ್ಯಾವೂ ಬಹಳ ದಿನ ಕೈ ಹಿಡಿಯಲ್ಲ, ಬೇರೆಯವರು ಕಾಪಿ ಹೊಡೀತಾರೆ, ಐಟಿನ ವ್ಯವಹಾರಕ್ಕೆ ಹೊಂದಿಸಿಕೊಳ್ಳೋ ಮ್ಯಾನೇಜರುಗಳ ಜಾಣತನ ಮಾತ್ರ ಸುಲಭಕ್ಕೆ ಕಾಪಿ ಆಗಲ್ಲ ಅಂದ್ರು.

ನಿಮ್ಮ ಶೆಡ್ಡಲ್ಲಿ ಆ ಜಾಣತನ ಇರೋರು ಯಾರು? ಬಹುಶಃ ನಿಮ್ಮ ಶಿಫ್ಟ್ ಸೂಪರ್‌ವೈಸರ್. ಯಾವ ಜಾಬಿಗೆ ಸೆಟ್ಟಿಂಗ್ ಎಷ್ಟು ಹೊತ್ತು ತಿನ್ನುತ್ತೆ, ಯಾವ ಮೆಟೀರಿಯಲ್‌ಗೆ ಇನ್ಸರ್ಟ್ (ಲೋಹ ಕತ್ತರಿಸೋ ಟೂಲಿನ ತುದಿ) ಬೇಗ ಸವೆಯುತ್ತೆ, ಎಲ್ಲಾ ಆಯಪ್ಪನ ತಲೇಲಿ ಇರುತ್ತೆ. ಅದು ಕಂಪ್ಯೂಟರಿಗೆ ಇಳಿದು ನೀವು ಕೊಟೇಷನ್ ಬರೆಯೋವಾಗ ಕಣ್ಮುಂದೆ ಇದ್ರೆ, ಯಾವ ಆರ್ಡರ್ ಹಿಡೀಬೇಕು ಯಾವುದನ್ನ ಬಿಡ್ಬೇಕು ಅಂತ ಗೊತ್ತಾಗುತ್ತೆ, ಪಕ್ಕದವರು ಸಾಫ್ಟ್‌ವೇರ್ ಕೊಂಡ್ಕೋಬಹುದು, ಈ ಲೆಕ್ಕ ಎಲ್ಲಿಂದ ತರ್ತಾರೆ?

ಅದಕ್ಕೆ ಮೊದಲ ಮೂರು ತಿಂಗಳು ಒಂದು ನೋಟ್‌ಬುಕ್, ಒಂದು ಎಕ್ಸೆಲ್ ಶೀಟ್ ಸಾಕು. ಓಇಇ ಹಾಕಿ, ಅಂದ್ರೆ ಮಷಿನ್ ಕೈಲಿ ನಿಜವಾಗ್ಲೂ ಎಷ್ಟು ಕೆಲಸ ಸಿಗ್ತಿದೆ ಅನ್ನೋ ಲೆಕ್ಕ. ಓಡಬೇಕಾದ ಟೈಮಲ್ಲಿ ಮಷಿನ್ 90% ಓಡ್ತು, ಸ್ಪೀಡ್ 85% ಸಿಕ್ತು, ಒಳ್ಳೆ ಪೀಸ್ 95% ಬಂತು ಅನ್ಕೊಳ್ಳಿ, ಬಿಡಿಬಿಡಿಯಾಗಿ ನೋಡಿದ್ರೆ ಪರವಾಗಿಲ್ವಲ್ಲ ಅನ್ಸುತ್ತೆ, ಗುಣಿಸಿ ನೋಡಿ, ಸುಮಾರು 73%. ಕಾಲು ಭಾಗಕ್ಕಿಂತ ಜಾಸ್ತಿ ಸೋರ್ತಾ ಇದೆ!

ನಾನು ಫ್ಯಾಕ್ಟರಿಲಿದ್ದಾಗ ಇದ್ಯಾವ್ದೂ ಮಾಡ್ದೆ ನೇರ ಸಾಫ್ಟ್‌ವೇರ್ ತಂದ್ವಿ. ಸ್ಟೋರ್ಸ್ ಹುಡುಗ ವಾರದ ಎಂಟ್ರಿ ಎಲ್ಲಾ ಶನಿವಾರ ಸಾಯಂಕಾಲ ಕೂತು ಒಟ್ಟಿಗೇ ಹಾಕ್ತಿದ್ದ (ಅವನ ತಪ್ಪೇನಿಲ್ಲ ಬಿಡಿ, ದಿನಾ ಹಾಕು ಅಂತ ಯಾರೂ ಹೇಳಿರ್ಲಿಲ್ಲ), ಸ್ಕ್ರೀನಲ್ಲಿ ಸ್ಟಾಕ್ ಇದೆ, ರ‍್ಯಾಕಲ್ಲಿ ಬಾರ್ ಇಲ್ಲ, ಡಿಲಿವರಿ ತಪ್ಪಿ ಪಾರ್ಟಿ ಹತ್ರ ಬೈಸ್ಕೊಂಡಿದ್ದು ನಾನು.

ಮುಂದೆ ಹಾಕಿಸೋದೇ ಆದ್ರೆ ಆರ್ಡರ್ ಜೋರಾಗಿರೋ ಟೈಮಲ್ಲಿ ಬೇಡ. ಅಮೆರಿಕದ ಹರ್ಷೀ ಚಾಕ್ಲೆಟ್ ಕಂಪನಿ 1999ರಲ್ಲಿ ಹ್ಯಾಲೋವೀನ್ ಸೀಸನ್ ಮುಂದಿಟ್ಕೊಂಡು ಹೊಸ ಸಿಸ್ಟಂ ಶುರು ಮಾಡಿ, ಮಾಲಿದ್ರೂ ಸುಮಾರು 10 ಕೋಟಿ ಡಾಲರ್ ಆರ್ಡರ್ ಕಳಿಸೋಕಾಗದೆ ಒದ್ದಾಡ್ತು. ಇನ್ನೊಂದು, ಮಾರೋಕೆ ಬಂದವರನ್ನ ಕೇಳಿ, ನಾಳೆ ನಿಮ್ಮನ್ನ ಬಿಟ್ರೆ ನಮ್ಮ ಡೇಟಾ ಎಲ್ಲಾ ಎಕ್ಸೆಲ್‌ನಲ್ಲಿ ವಾಪಸ್ ಕೊಡ್ತೀರಾ ಅಂತ, ಹ್ಞೂಂ ಅಂದ್ರೆ ಬರೆಸ್ಕೊಳ್ಳಿ.