ಕೆರೆಯಲ್ಲಿ ಬರೀ ಗೇಣುದ್ದದ ಮುರ್ರೆಲ್ ಮೀನು ಸಿಗ್ತಿದೆ, ಯಾಕೆ?

ಯಾದಗಿರಿ ಹತ್ತಿರದ ನಿಮ್ಮ ಕೆರೆಯಲ್ಲಿ ದೊಡ್ಡ ಮುರ್ರೆಲ್ ಸಿಗದಿರಲು ಹೆಚ್ಚಾಗಿ ಕಾರಣ ಇದು: ಮರಿ ಕಾಯುವ ಮೀನನ್ನೇ ಹಿಡಿಯುತ್ತಿದ್ದಾರೆ. ಉಳಿದದ್ದು ಇನ್ನೂ ಬಲಿಯದ ಮೀನು.

ಮುರ್ರೆಲ್ ಮೊಟ್ಟೆ ಇಟ್ಟು ಸುಮ್ನೆ ಹೋಗುವ ಮೀನಲ್ಲ. ಮಳೆಗಾಲದಲ್ಲಿ ದಡದ ಜೊಂಡು ಸರಿಸಿ ಜಾಗ ಮಾಡುತ್ತದೆ, ಮೊಟ್ಟೆ ಅಲ್ಲೇ ತೇಲುತ್ತವೆ. ಆಮೇಲೆ ಕೆಂಪು ಕಿತ್ತಳೆ ಬಣ್ಣದ ಮರಿಗಳು ಒತ್ತಾದ ಗುಂಪಾಗಿ ಉಸಿರಿಗೆ ಮೇಲೆ ಬರುತ್ತವೆ, ನೀರು ಕುದ್ದಂತೆ ಕಾಣುತ್ತದೆ. ಅದರ ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಜನ ಗಾಳ ಹಾಕೋದು ಅಲ್ಲಿಗೇ, ಅಲ್ವಾ? ಆ ಒಂದು ಮೀನು ಹೋದರೆ ಗುಂಪಿನ ಬಹುಪಾಲು ಮರಿ ಬೇರೆ ಮೀನಿನ ಬಾಯಿಗೆ. ನಮ್ಮ ಕೆರೆಯಲ್ಲೂ ಇದೇ ಆಯಿತು, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲು ಜೂನ್ ಹೊತ್ತಿಗೆ ಸಿಕ್ಕ ಹತ್ತು ಮೀನು ಅಳೆದು, ಹೊಟ್ಟೆ ಸೀಳಿ ನೋಡಿ. ಸಾಮಾನ್ಯವಾಗಿ 25ರಿಂದ 30 ಸೆಂ.ಮೀ. ಆದಾಗ ಬಲಿಯುತ್ತದೆ. ಅದಕ್ಕಿಂತ ಚಿಕ್ಕವೇ ಜಾಸ್ತಿ, ಮೊಟ್ಟೆಯೂ ಇಲ್ಲ ಅಂದರೆ ನನ್ನ ಅನುಮಾನ ಸರಿ. ಆಮೇಲೆ ಹಿಡಿಯುವವರನ್ನೆಲ್ಲ ಕೂರಿಸಿ ಮಾತಾಡಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರಿಗುಂಪಿನ ಹತ್ತಿರ ಗಾಳ, ಬಲೆ ಬೇಡ. 30 ಸೆಂ.ಮೀ.ಗಿಂತ ಚಿಕ್ಕದು ಸಿಕ್ಕರೆ ವಾಪಸ್ ಬಿಡಿ. ದಡದ ಜೊಂಡು ಪೂರ್ತಿ ಕೀಳಬೇಡಿ.

ಬೇಸಿಗೆಯಲ್ಲಿ ಕೆರೆಯ ತಳ ಕಂಡಿತ್ತಾ? ಹಾಗಿದ್ದರೆ ಮಳೆಗಾಲದ ಗಾಳವನ್ನಷ್ಟೇ ದೂರಲಾಗದು, ಉಳಿದ ಗುಂಡಿಗಳಲ್ಲೂ ಬಾಚಿರುತ್ತಾರೆ. ಈ ಸಲ ಆಳದ ಒಂದು ಗುಂಡಿಯನ್ನಾದರೂ ಮುಟ್ಟದೆ ಬಿಡಿ.